ಶಂಖದೊಳಗೆ ಬೆರಳಿಟ್ಟ ಪುಂಡರೀಕಾಕ್ಷರಾಯರು

ಪುಂಡರೀಕಾಕ್ಷರಾಯರನ್ನು ಮೊದಲ ಸಲ ಕಂಡಾಗಲೇ ತೂಗಿ ನೋಡಿದ್ದೆ: ಇಸ್ತ್ರಿ ಮಾಡಿದ ಅಂಗಿ, ಸವೆದ ಚಪ್ಪಲಿ, ಕೈಯಲ್ಲಿ ಖಾಲಿ ಚೀಲ. ಇಂಥವರು ಎಲ್ಲವನ್ನೂ ಮುಟ್ಟಿ ನೋಡುತ್ತಾರೆ, ಒಂದು ಊದುಬತ್ತಿಯನ್ನೂ ಕೊಳ್ಳುವುದಿಲ್ಲ. ಮುಂಬಯಿ ಪಕ್ಕದ ಡೊಂಬಿವಲಿಯ ನನ್ನ ಪೂಜಾ ಸಾಮಾನಿನ ಅಂಗಡಿಗೆ ಆರು ವರ್ಷದಿಂದ ಪ್ರತಿ ಶನಿವಾರ ಬರುತ್ತಿದ್ದಾರೆ. ನನ್ನ ಅಂದಾಜು ತಪ್ಪಿಲ್ಲ.

ಉಡುಪಿ ಕಡೆಯ ಮಡಿವಂತರು. ಕಲ್ಯಾಣದ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ನೌಕರಿ. ಹಗಲೆಲ್ಲ ಕಪ್ಪೆಚಿಪ್ಪು, ಬೊಂಡಾಸ್ ಎಂಬ ಸ್ಕ್ವಿಡ್, ಆಕ್ಟೋಪಸ್ ತುಂಬಿದ ಬಾಟಲಿಗಳಿಗೆ ಫಾರ್ಮಲಿನ್ ಬದಲಿಸುವುದು. ಸಂಜೆ ತಲೆಗೆ ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂರುವುದು. ನಿವೃತ್ತಿಯಾದ ಮೇಲೆ ಬಾಟಲಿಗಳಿಲ್ಲದೆ ಬೇಸರವಾಗಿ ನನ್ನ ಶಂಖದ ಕಪಾಟಿಗೆ ಗಂಟುಬಿದ್ದರು.

ಗಿರಾಕಿ ಶಂಖ ಎತ್ತಿಕೊಂಡರೆ ಸಾಕು, ಶುರು. "ಇದರೊಳಗೆ ಮೂಳೆಯೇ ಇಲ್ಲದ ಪ್ರಾಣಿ ಇತ್ತು. ಒಂದೇ ಕಾಲು, ಅದೂ ಹೊಟ್ಟೆಯ ಅಡಿಗೆ. ನಾಲಗೆಯಲ್ಲೇ ಹಲ್ಲು. ಮೈಮೇಲೆ ಶಾಲಿನ ಹಾಗೆ ಒಂದು ಪದರ ಉಂಟು, ಅದೇ ಈ ಮನೆ ಕಟ್ಟುವುದು." ಗಿರಾಕಿ ಶಂಖವನ್ನು ಮೆಲ್ಲಗೆ ಕೆಳಗಿಡುತ್ತಿದ್ದ.

"ರಾಯರೇ, ವ್ಯಾಪಾರ ಹಾಳು ಮಾಡ್ಬೇಡಿ."

"ಎಂತ ಹಾಳು? ಕಪ್ಪೆಚಿಪ್ಪಿಗೆ ಎರಡು ಚಿಪ್ಪು. ಬೊಂಡಾಸಿಗೆ ಮೈಯೊಳಗೇ ಒಂದು, ಪ್ಲಾಸ್ಟಿಕ್ ಗರಿಯ ಹಾಗೆ. ಆಕ್ಟೋಪಸ್ಸಿಗೆ ಚಿಪ್ಪೇ ಇಲ್ಲ. ಆದ್ರೂ ಎಲ್ಲ ಒಂದೇ ಕುಟುಂಬ. ನಿನ್ನ ತಮ್ಮಂದಿರ ಹಾಗೆ."

ಒಬ್ಬ ತಮ್ಮನಿಗೆ ಠಾಣೆಯಲ್ಲಿ ಎರಡು ಫ್ಲ್ಯಾಟ್, ಇನ್ನೊಬ್ಬ ಬಾಡಿಗೆಯಲ್ಲಿದ್ದಾನೆಂದು ಅವರಿಗೆ ಹೇಳಿದ್ದು ನನ್ನ ತಪ್ಪು.

ಹೋದ ವರ್ಷ ನೌಪಾಡಾದ ಹೋಟೆಲಿನ ಮುಕ್ತಕ್ಕ ಸಾನಪಾಡಾದಲ್ಲಿ ಇನ್ನೊಂದು ಹೋಟೆಲು ತೆರೆಯುವವರಿದ್ದರು. ಪೂಜೆಗೆ ಬಲಮುರಿ ಶಂಖವೇ ಬೇಕೆಂದರು. ಉಳಿದ ಶಂಖಗಳಿಗೆ ಎದುರು ದಿಕ್ಕಿನಲ್ಲಿ ಸುರುಳಿ ಸುತ್ತಿದ ಇದು ಲಕ್ಷದಲ್ಲಿ ಒಂದು ಸಿಕ್ಕರೆ ಪುಣ್ಯ. ತರಿಸಿಕೊಡುತ್ತೇನೆಂದು ಮಾತು ಕೊಟ್ಟೆ. ದಲ್ಲಾಳಿಯೊಬ್ಬ ತಂದುಕೊಟ್ಟ. ಅಸಲಿಯೋ ನಕಲಿಯೋ ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಅವಸರವೂ ಇರಲಿಲ್ಲ. ಮುಕ್ತಕ್ಕ ಅದನ್ನು ಒಯ್ಯಲು ಬಂದದ್ದು, ನನ್ನ ಗ್ರಹಚಾರಕ್ಕೆ, ಶನಿವಾರ.

"ಕಿವಿಗಿಟ್ಟು ಕೇಳಿ ಅಕ್ಕ, ಓಂ ಹೇಳ್ತದೆ," ಎಂದೆ.

"ಲೋಟ ಇಟ್ರೂ ಹೇಳ್ತದೆ," ಎಂದರು ನನ್ನ ಪಕ್ಕದಲ್ಲೇ ಕೂತಿದ್ದ ರಾಯರು. ಶಂಖ ತೆಗೆದುಕೊಂಡು ಬಾಯೊಳಗೆ ಬೆರಳಿಟ್ಟರು. "ಪ್ರೇಮನಾಥ, ಇದು ನಮ್ಮ ಕಡಲಿನ ಶಂಖ ಅಲ್ಲ. ಬೇರೆ ಜಾತಿ. ಇದರ ವಂಶವೇ ಹೀಗೆ ತಿರುಗುವುದು, ಅಪರೂಪ ಎಂತದೂ ಇಲ್ಲ."

ನಾನು ಅವರ ಕಾಲು ತುಳಿದೆ.

"ತುಳಿಯುವುದು ಎಂತಕ್ಕೆ? ನೀನೇ ಬೆರಳು ಹಾಕಿ ನೋಡು. ನಮ್ಮ ಶಂಖದ ನಡುಗಂಬಕ್ಕೆ ಮೂರು ನಾಲ್ಕು ಏಣು ಇರ್ತದೆ."

ಕಪಾಟಿನ ಸಾದಾ ಶಂಖದೊಳಗೆ ಬೆರಳಿಟ್ಟೆ: ಮೆಟ್ಟಿಲಿನ ಹಾಗೆ ಮೂರು ಏಣು. ದಲ್ಲಾಳಿ ತಂದದ್ದರಲ್ಲಿಟ್ಟೆ: ನುಣುಪು.

ಮುಕ್ತಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದಾ ಪ್ರೇಮಣ್ಣ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ರಾಯರೂ ಇದ್ದರು.

"ರಾಯರು ಹೇಳಿದ್ದೇ ಸರಿ ಅಕ್ಕ," ಎಂದೆ.

ಮುಕ್ತಕ್ಕ ಸಾದಾ ಶಂಖವನ್ನೇ ಒಯ್ದರು. ಹೊಸ ಹೋಟೆಲಿನ ಪೂಜಾ ಸಾಮಾನೆಲ್ಲ ಇನ್ನು ನನ್ನಲ್ಲೇ ಎಂದೂ ಹೇಳಿಹೋದರು. ನನ್ನ ಮಾತಿಗೆ ಇಂದಿಗೂ ಬೆಲೆ ಇದ್ದರೆ ಅದು ಪುಂಡರೀಕಾಕ್ಷರಾಯರಿಂದ. ಆ ಋಣ ನನ್ನ ಮೇಲಿದೆ.