ಎದುರುಬದುರು ಮನೆಗಳ ಪಾಳಿ

ಬೆಳಗಿನ ಐದಕ್ಕೆ ಎಚ್ಚರವಾದೊಡನೆ, ಹಾಸಿಗೆ ಬಿಡುವ ಮೊದಲು, ಕಣ್ಣು ಮುಚ್ಚಿ ನಮ್ಮ ಹಳೆಯ ಊರಿನ ಓಣಿಯಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ. ಭೂಕಂಪದಲ್ಲಿ ಆ ಓಣಿ ಕಲ್ಲಿನ ಗುಡ್ಡೆಯಾಯಿತು. ಆ ಹೊತ್ತಿನಲ್ಲಿ ಮಾತ್ರ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ, ಒಲೆಯ ಹೊಗೆ ಮಂಜಿನ ಹಾಗೆ ಕೆಳಗೇ ತೇಲುತ್ತಿರುತ್ತದೆ. ಒಂದನೆಯದು ಮಠ. ಎರಡು ಮತ್ತು ಮೂರು ಎದುರುಬದುರು, ನಾಲ್ಕು ಮತ್ತು ಐದು ಎದುರುಬದುರು. ಆರು ನಮ್ಮದು. ಎದುರಿನ ಏಳು, ನಾವೆಲ್ಲ ಅಕ್ಕ ಎಂದು ಕರೆಯುವ ಹಿರಿಯಳದು.

ಸೋಮವಾರದ ದಾಸೋಹಕ್ಕೆ ಎದುರುಬದುರಿನ ಎರಡು ಮನೆ ಸೇರಿ ಒಂದು ಪಾಳಿ. ಒಂದು ಮನೆಯ ರೊಟ್ಟಿ, ಇನ್ನೊಂದರ ಬೇಳೆ. ಉಮರ್ಗಾದ ಹೆದ್ದಾರಿಯಿಂದ ಒಳಗೆ ಹೊಸ ಊರು ಕಟ್ಟಿದಾಗ ನೆರೆಯವರು ದಿಕ್ಕಿಗೊಬ್ಬರಾದರು. ಪಾಳಿಯಾದರೂ ಹಳೆಯ ಓಣಿಯಂತೆ ನಡೆಯಲಿ ಎಂದು ಹಿರಿಯರು ಆ ಕೆಲಸವನ್ನು ಗಣಿತದ ಮಾಸ್ತರನಾದ ನನಗೆ ಒಪ್ಪಿಸಿದರು. ನಿವೃತ್ತಿಯ ನಂತರ ಉದಗೀರದ ಕಂಪ್ಯೂಟರ್ ತರಗತಿಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಸಣ್ಣದೊಂದು ಪ್ರೋಗ್ರಾಮ್ ಬರೆದೆ. ಹಳೆಯ ಓಣಿಯ ಮನೆ ಸಂಖ್ಯೆಯನ್ನು ಎರಡರಿಂದ ಭಾಗಿಸಿದಾಗ ಒಂದೇ ಉತ್ತರ ಬರುವ ಎರಡು ಮನೆ ಒಂದು ಪಾಳಿ. ಶನಿವಾರ ಆರು ಗಂಟೆಗೆ ಗುಂಡಿ ಒತ್ತಿದರೆ ಎರಡು ಮನೆಗಳ ಹೆಸರಿರುವ ಚೀಟಿ ಬರುತ್ತಿತ್ತು. ಅದನ್ನು ಮಠದ ಬಾಗಿಲಿಗೆ ಅಂಟಿಸುತ್ತಿದ್ದೆ.

ನಿಲಂಗಾದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಸೊಸೆ ಒಮ್ಮೆ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದಳು. ಪ್ರೋಗ್ರಾಮ್ ಓಡಲಿಲ್ಲ.

"ಮಾವಾರ, ನಿಮ್ಮ ಪೈಥಾನ್‌ಗ ವಯಸ್ಸಾತು. ಹೊಸಾದರಾಗ ಅದಕ್ಕ ಜಾಗಾ ಇಲ್ರೀ."

"ನನಗರೆ ಜಾಗಾ ಅದ ಇಲ್ಲವ್ವಾ?"

"ನೀವು ದಿನಾ ಐದಕ್ಕ ಅಪ್‌ಡೇಟ್ ಆಗ್ತೀರಲ್ರೀ!"

ನಕ್ಕು, ಅಲ್ಲಲ್ಲಿ ಆವರಣ ಚಿಹ್ನೆ ಸೇರಿಸಿ, ಹೊಸ ಆವೃತ್ತಿಯಲ್ಲಿ ಓಡುವಂತೆ ಮಾಡಿದಳು. ಶನಿವಾರ ಚೀಟಿ ಬಂತು. ನಮ್ಮ ಮನೆಯ ಹೆಸರು ಕಂಡಿತು. ಕೆಳಗೆ ನೋಡದೆ ಅಂಟಿಸಿ ಬಂದೆ.

ಸೋಮವಾರ ಮಠದಲ್ಲಿ ರೊಟ್ಟಿ ಇತ್ತು, ಬೇಳೆ ಇರಲಿಲ್ಲ. ಅಕ್ಕ ಬರಿಗೈಯಲ್ಲಿ, ನಮ್ಮ ಹೆಸರೊಂದೇ ಇದ್ದ ಚೀಟಿಯ ಮುಂದೆ ನಿಂತಿದ್ದಳು.

"ಮಾಸ್ತರ, ಭೂಕಂಪದಾಗ ಬಿದ್ದ ಮನಿ ನಿಮ್ಮ ಚೀಟಿನ್ಯಾಗ ನಿಂತಿತ್ತು. ಈಗ ಅಲ್ಲೂ ಕೆಡವಿದ್ರ್ಯಾ?"

ಮನೆಗೆ ಬಂದವನೇ ಸೊಸೆಯನ್ನು ಯಂತ್ರದ ಮುಂದೆ ಕೂರಿಸಿದೆ.

"ಹಳೇದು ಏಳನ್ನ ಎರಡರಿಂದ ಭಾಗಿಸಿ ಮೂರು ಅಂತಿತ್ತು, ಹೊಸಾದು ಮೂರೂವರಿ ಅಂತದ. ಅರ್ಧಾ ಮನಿ ಎಲ್ಲಿರ್ತದ್ರೀ ಮಾವಾರ?"

ಹಳೆಯ ಆವೃತ್ತಿ ಅರ್ಧವನ್ನು ಬಿಟ್ಟುಬಿಡುತ್ತಿತ್ತು. ಆರಕ್ಕೂ ಏಳಕ್ಕೂ ಮೂರೇ ಉತ್ತರ. ಎರಡು ಮನೆ ಒಂದು ಪಾಳಿಯಾಗಲು ನಾನು ಅದನ್ನೇ ನಂಬಿದ್ದೆ. ಹೊಸದರ ಲೆಕ್ಕ ಹೆಚ್ಚು ಸರಿಯಾಗಿತ್ತು, ಆದರೆ ಬೆಸ ಸಂಖ್ಯೆಯ ಮನೆಗಳೆಲ್ಲ ಅರ್ಧಕ್ಕೆ ಸಿಕ್ಕಿ ಯಾವ ಪಾಳಿಗೂ ಸೇರದೆ, ಆ ಲೆಕ್ಕದಲ್ಲಿ ಓಣಿಯ ಒಂದು ಬದಿಯೇ ಇರಲಿಲ್ಲ. ಕಣ್ಣು ಮುಚ್ಚಿದೆ: ನಮ್ಮ ಹೊಸ್ತಿಲಿನ ಎದುರಿಗೆ ಬರೀ ಬಯಲು, ಬೆಳಕು, ಗಾಳಿ.

ಭಾಗಾಕಾರದ ಓರೆಗೆರೆಯ ಪಕ್ಕದಲ್ಲಿ ಇನ್ನೊಂದು ಓರೆಗೆರೆ ಹಾಕಿದರೆ ಸಾಕು ಎಂದಳು ಸೊಸೆ. ನಾನೇ ಹಾಕಿದೆ. ಏಳನೆಯ ಮನೆ ಮರಳಿ ಬಂತು. ಚೀಟಿ ಹಿಡಿದು ಊರಿನ ಆ ತುದಿಯ ಅಕ್ಕನ ಮನೆಗೆ ನಡೆದೆ.

"ಮುಂದಿನ ಸೋಮವಾರ ಮತ್ತ ನಮ್ಮದಽ ಪಾಳಿ, ಅಕ್ಕಾರ."

"ಒಂದಿನಾ ತಪ್ಪಿಸದ ಮಾಸ್ತರ, ಮುಂದಿನವರ ಪಾಳಿ ನಿಲ್ಲಿಸಿದ್ರ್ಯಾ?"

"ಒಂದು ವಾರ ನಿಲ್ಲಿಸೀನಿ, ನಿಮ್ಮ ಬ್ಯಾಳಿ ಬಾಕಿ ಅದಲ್ರೀ."

ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ತನ್ನ ಹೆಸರನ್ನು ಎರಡು ಸಲ ಓದಿದಳು.

"ಬ್ಯಾಳಿ ನಂದು. ರೊಟ್ಟಿ ನಿಮ್ಮ ಸೊಸಿ ಬಡೀಲಿ, ನೀವು ಕೈ ಹಾಕಬ್ಯಾಡ್ರಿ," ಎಂದು ತೊಗರಿಯ ಡಬ್ಬಿ ನೋಡಲು ಒಳಗೆ ಹೋದಳು.