ಬೀಸುವ ಸಾತಪ್ಪ
ಜೇಲಿನಲ್ಲಿ ಜೋಳ ಬೀಸುತ್ತಲೇ ಹದಿನಾಲ್ಕು ವರ್ಷ ಕಳೆದು ನಮ್ಮ ಯಮಕನಮರಡಿಗೆ ಮರಳಿದ ಸಾತಪ್ಪ, ಹೆಸರು ಕೇಳಿದರೆ ಮೊದಲು ಕೈದಿ ನಂಬರನ್ನೇ ಹೇಳುತ್ತಾನೆ. ಶಾಲೆಯ ಗಂಟೆ ಕೇಳಿದರೆ ಉಣ್ಣುವ ತಾಟು ಬಿಟ್ಟೆದ್ದು ಜೇಲಿನ ಎಣಿಕೆಗೆ ನಿಂತಂತೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ. ಬೆಳಗ್ಗೆ ಬೀಸುವ ಕಲ್ಲಿಗೆ ಕೂತನೆಂದರೆ ಮನೆಯ ಜೋಳ ತೀರಿ ಓಣಿಯ ಜೋಳವೂ ಹಿಟ್ಟಾಗಬೇಕು. "ಗಂಡಸರು ಬೀಸೂದೇನ?" ಎಂದು ನಗುವ ಹೆಂಗಸರೇ ನಗುತ್ತ ಬುಟ್ಟಿ ತಂದಿಡುತ್ತಾರೆ. ಆದರೆ ಆ ಹೆಂಗಸರಂತೆ ಬೀಸುವ ಪದ ಮಾತ್ರ ಹಾಡುವುದಿಲ್ಲ. ಜೇಲಿನಲ್ಲಿ ಹಾಡಿದವರಿಗೆ ಬೆತ್ತದ ಏಟು ಬೀಳುತ್ತಿತ್ತಂತೆ. ಇಂದು ಹೆಂಡತಿ ರಾಯವ್ವ ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ತಾನೂ ಕೈ ಹಚ್ಚಿದಳು. "ಇಲ್ಲಿ ಹಾಡಿದ್ರ ಹೊಡ್ಯಾವ್ರ ಯಾರೂ ಇಲ್ರಿ" ಎಂದು ಪದ ಎತ್ತಿದಳು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಮೂರನೆಯ ನುಡಿಗೆ ಮೆಲ್ಲಗೆ ದನಿಗೂಡಿಸಿದ. ಅಷ್ಟರಲ್ಲಿ ಶಾಲೆಯ ಗಂಟೆ ಕೇಳಿಸಿತು. ಸಾತಪ್ಪ ಏಳಲಿಲ್ಲ, ಮುಂದಿನ ನುಡಿ ಅವನೇ ಎತ್ತಿಕೊಂಡಿದ್ದ.