ಎರಡು ಚುಕ್ಕಿಗಳ ನಡುವಿನ ನದಿ
ಮೊರಾವಾ ನದಿಯ ದಡದ ನೆರೆ ಮುನ್ನೆಚ್ಚರಿಕೆ ಕಚೇರಿಯಲ್ಲಿ ಕೂರುವ ದೆಸಾಂಕಾಗೆ ನೀರು ಏರಿದರೆ ಅಷ್ಟು ಭಯವಿಲ್ಲ, ಸುದ್ದಿ ನಿಂತರೆ ಭಯ. ಮೇಲಿನ ಹಳ್ಳಿಗಳಲ್ಲಿ ನೀರಿನ ಅಳತೆಗಂಬ ನೋಡಿ ಫೋನು ಮಾಡಬೇಕಾದವರು, ಮನೆತನ ಕಾಯುವ ಸಂತನ ಹಬ್ಬ ಬಂತೆಂದರೆ ಹಂದಿ ಸುಟ್ಟು, ರಾಕಿಯಾ ಸಾರಾಯಿ ಕುಡಿದು, ಕಂಬವನ್ನೇ ಮರೆಯುತ್ತಾರೆ. ಕೊನೆಗೆ ಅವಳೇ ಫೋನು ಮಾಡುತ್ತಾಳೆ: "ವಿಟೋಮಿರ್ ಮಾವ, ನೀರೆಷ್ಟಿದೆ?" "ಲೋಟದಲ್ಲಾ, ನದೀಲಾ ತಾಯಿ? ನಿನ್ನೆಯಷ್ಟೇ ಇರುತ್ತೆ, ಬರ್ಕೋ!" ಅವಳು ಬರೆದುಕೊಳ್ಳುವುದಿಲ್ಲ, ಉಗುರು ಕಚ್ಚುತ್ತಾಳೆ. ಮನೆಯಲ್ಲೂ ಇದೇ ಕಾಟ: ಗಂಡನ ಗೊರಕೆ ಒಂದು ಗಳಿಗೆ ನಿಂತರೆ ತಿವಿದು ಎಬ್ಬಿಸುತ್ತಾಳೆ. "ಸತ್ತಿಲ್ಲ ಕಣೇ, ಮಗ್ಗುಲು ಬದಲಾಯಿಸ್ದೆ!" ಎಂದು ಅವನು ಗೊಣಗುತ್ತಾನೆ. ಮೇಲಧಿಕಾರಿಯದು ಇನ್ನೊಂದು ರಾಗ: "ಗ್ರಾಫಲ್ಲಿ ಹಬ್ಬದ ಈಚೆಗೊಂದು ಚುಕ್ಕಿ, ಆಚೆಗೊಂದು ಚುಕ್ಕಿ ಇದೆಯಲ್ಲಮ್ಮಾ, ನಡುವೆ ಗೆರೆ ಎಳೆದ್ಬಿಡು. ಕೆಳಗಿನ ಊರಿನವರು ನಿದ್ದೆ ಮಾಡ್ಲಿ." ಅವಳು ಎಳೆಯುವುದಿಲ್ಲ, ಜೀಪು ಹತ್ತಿ ತಾನೇ ಕಂಬ ನೋಡಲು ಓಡುತ್ತಾಳೆ. ಅವಳ ಮೇಜಿನೆದುರಿನ ಗೋಡೆಯಲ್ಲಿ ಹಳೆಯ ವರ್ಷವೊಂದರ ನೀರಿನ ಮಟ್ಟದ ಗ್ರಾಫು ತೂಗುತ್ತಿದೆ. ಅದರಲ್ಲಿ ಒಂದು ಹಬ್ಬಕ್ಕೆ ಮುಂಚೆ ನೀರು ಕಡಿಮೆ, ಹಬ್ಬ ಕಳೆದ ಮೇಲೂ ಕಡಿಮೆ. ನಡುವೆ ಯಾರೋ ಎಳೆದ ನೆಟ್ಟಗಿನ, ಅಚ್ಚುಕಟ್ಟಾದ ಗೆರೆ. ಆ ಗೆರೆಯ ಪ್ರಕಾರ, ಅವಳ ತಮ್ಮ ಕೊಚ್ಚಿಹೋದ ದಿನ ನದಿಗೆ ಪ್ರವಾಹವೇ ಬಂದಿರಲಿಲ್ಲ.